ನಾಲಿಗೆಗೆ ಮುಟ್ಟಿಸದ ನೀರು

ನನ್ನ ಬಾಯಿ ಜೋರು ಅಂತ ತೊರಗಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಹದಿನಾಲ್ಕು ವರ್ಷ ಅಲ್ಲಿ ನರ್ಸ್ ಆಗಿದ್ದೆ; ಊರಿಗೆಲ್ಲ ನಾನು 'ಬಾಯಾರು'. ಬೈಯದೆ ಯಾರಿಗೂ ಸೂಜಿ ಚುಚ್ಚಿದವಳಲ್ಲ. ೧೯೯೨ರ ಮಾರ್ಚಿನಲ್ಲಿ ಮಾತ್ರ ಬೈಗುಳ ಸಲ್ಲಬೇಕಾಗಿದ್ದು ನನಗೇ.

ಆ ತಿಂಗಳು ಊರಿಗೆ ವಾಂತಿಭೇದಿ ಬಂತು. ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬುದು ಮುದುಕಿಯರ ಹಟ. ನನ್ನ ಹತ್ತಿರ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪೊಟ್ಟಣಗಳು ಮುಗಿದಿದ್ದವು. ಹೆಂಗಸರನ್ನು ಅಂಗನವಾಡಿಗೆ ಕರೆದು, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ ಹಾಕಿ ತೋರಿಸಿದೆ.

"ಎರಡೂ ಕೂಡಿದ್ರ ಕರುಳಿನ ಕಣಕಣಾನೂ ನೀರು ಒಳಗ ಎಳಕೊಂತಾವು. ಉಪ್ಪು ಹೆಚ್ಚಾತೋ, ಒಳಗಿನ ನೀರ ಹೊರಗ ಬರತೈತಿ. ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚಿದ್ರ ನೀರು ಬಿಡತಾವಲ್ಲ, ಹಂಗ. ಅದಕ್ಕ ಮೊದಲ ನೀವು ನಾಲಿಗಿಗೆ ಹಚ್ಚಿ ನೋಡ್ರಿ. ಕಣ್ಣೀರಿಗಿಂತ ಉಪ್ಪಿದ್ರ ಚೆಲ್ಲಿಬಿಡ್ರಿ."

ಎಲ್ಲರೂ ತಲೆಯಾಡಿಸಿದರು. ಮುಂದೆ ಕೂತಿದ್ದ ಶಾಹಜಾನಬಿಯೂ ಆಡಿಸಿದಳು. ಅದು ರಂಜಾನ್ ತಿಂಗಳು. ಅರ್ಧಕ್ಕರ್ಧ ಹೆಂಗಸರು ರೋಜಾ ಉಪವಾಸವಿದ್ದು, ಬೆಳಗಿನಿಂದ ಹನಿ ನೀರು ಮುಟ್ಟದೆ ಕೂತಿದ್ದರೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಶಾಹಜಾನಬಿಯ ಮಗ, ಟೆಂಪೋ ಡ್ರೈವರ್ ಶಾಕೀರ, ಓಡಿಬಂದ. "ಬಾಯಾರ, ಲಗೂ ಬರ್ರಿ! ಅಂಬರೀನಳ ಕೈಕಾಲು ಸೆಟಗೊಳ್ಳಾಕ ಹತ್ತ್ಯಾವ!"

ಅಂಬರೀನ ಅವನ ಮಗಳು, ಒಂದೂವರೆ ವರ್ಷದ ಕೂಸು. ತಾಯಿ ನಾಜಿಯಾ ಅದೇ ಬೇನೆಯಿಂದ ಮಲಗಿದ್ದರಿಂದ ನೀರು ಕುಡಿಸುತ್ತಿದ್ದವಳು ಅಜ್ಜಿ ಶಾಹಜಾನಬಿ.

"ನೀವು ಹೇಳಿದಂಗ ಮಾಡೇನ್ರಿ, ಬಾಯಾರ. ಒಂದು ಗುಟುಕು ತಪ್ಪಿಸಿಲ್ಲ. ಬೇಕು ಬೇಕು ಅಂತ ಕುಡದಾಳ," ಅಂದಳು.

ಕೂಸಿನ ಪಕ್ಕದಲ್ಲಿದ್ದ ಗ್ಲಾಸು ಎತ್ತಿ ಬಾಯಿಗೆ ಹಾಕಿಕೊಂಡೆ. ಥೂ! ಮೊದಲು ಸಿಹಿ, ಅದರ ಹಿಂದೆಯೇ ಗಂಟಲು ಸುಡುವ ಉಪ್ಪು. ಲೀಟರಿಗೆ ಹಾಕಬೇಕಾದ್ದನ್ನು ಆಕೆ ಗ್ಲಾಸು ಗ್ಲಾಸಿಗೂ ಹಾಕಿದ್ದಳು.

"ನಾಲಿಗಿಗೆ ಹಚ್ಚಿ ನೋಡ್ರಿ ಅಂತ ಬಡಕೊಂಡಿರಲಿಲ್ಲೇನು ನಾನು?" ಅಂತ ಕಿರುಚಿದೆ.

"ರೋಜಾ ಐತಲ್ರಿ," ಅಂದಳು ಮೆಲ್ಲಗೆ.

ಉಪವಾಸ ಮುರಿದೀತೆಂದು ಆಕೆ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಕೂಸಿನ ಒಂದೊಂದು ಜೀವಕೋಶದಿಂದಲೂ ನೀರು ಹೊರಗೆ ಹರಿಯುತ್ತಿತ್ತು. ಅದಕ್ಕೇ ಅಷ್ಟು ದಾಹ. ಆ ದಾಹಕ್ಕೆ ಅಜ್ಜಿ ಮತ್ತೆ ಅದೇ ನೀರು ಕೊಟ್ಟಿದ್ದಳು, ನನ್ನ ಮಾತು ನಂಬಿ. ಶಾಕೀರ ರಾಮದುರ್ಗಕ್ಕೆ ಟೆಂಪೋ ಹೊಡೆದ. ದವಾಖಾನೆ ಇನ್ನೂ ದೂರವಿರುವಾಗಲೇ ಅಂಬರೀನ ನನ್ನ ತೊಡೆಯ ಮೇಲೆ ಹೋದಳು. ಅವತ್ತು ನಾನು ಅತ್ತ ಹಾಗೆ ನನ್ನ ಹೆತ್ತವ್ವ ಸತ್ತಾಗಲೂ ಅತ್ತಿರಲಿಲ್ಲ.

ಓಣಿಯಲ್ಲಿ ಇನ್ನೂ ಮೂರು ಮಕ್ಕಳು ಅದೇ ಬೇನೆಯಿಂದ ಮಲಗಿದ್ದವು. ಅಳುತ್ತ ಕೂರುವ ಹಾಗಿರಲಿಲ್ಲ. ಮರುದಿನ ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರ ಮುಂದೆ ನಿಂತು, ಉಪವಾಸದವರು ಹೇಗೆ ರುಚಿ ನೋಡಬೇಕು ಅಂತ ಕೇಳಿದೆ.

"ನಾಲಿಗಿ ತುದಿಗೆ ಹಚ್ಚಿ ಉಗುಳಿದ್ರ ರೋಜಾ ಮುರಿಯೂದಿಲ್ರಿ, ಬಾಯಾರ," ಅಂದರು. ನನ್ನ ಮುಖ ನೋಡಿ, "ಮೊದಲ ಕೇಳಿದ್ರ ಮೈಕಿನಾಗ ಹೇಳತಿದ್ದೆ," ಅಂದರು.

ಹೌದಲ್ಲ, ಕೇಳಬಹುದಿತ್ತು. ಮಸೀದಿ ಅಂಗನವಾಡಿಯಿಂದ ನೂರು ಹೆಜ್ಜೆ.

ಅಲ್ಲಿಂದ ಶಾಹಜಾನಬಿಯ ಮನೆಗೆ ಹೋದೆ. ಆಕೆಯ ಪಕ್ಕ ಕೂತಿದ್ದಾಗ ಮಸೀದಿಯ ಮೈಕು ಕರಕರ ಅಂದಿತು. ಒಂದು ಲೀಟರಿಗೆ ಒಂದೇ ಚಿಟಿಕೆ, ನಾಲಿಗೆಗೆ ಹಚ್ಚಿ ನೋಡಿ ಉಗುಳಿರಿ, ರೋಜಾ ಮುರಿಯುವುದಿಲ್ಲ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಇದು ನನಗ ಗೊತ್ತಿರಲಿಲ್ರಿ," ಅಂದಳು.

"ನನಗೂ ಗೊತ್ತಿರಲಿಲ್ಲ, ಅಮ್ಮಾ. ಕೇಳಬೇಕಾದಾಕಿ ನಾನು. ತಪ್ಪು ನಂದು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು.

"ಇನ್ನೊಮ್ಮಿ ಹೇಳಸ್ರಿ, ಬಾಯಾರ," ಅಂದಳು. "ಆ ಕಡಿ ಓಣಿಗೆ ಕೇಳಿಸಿರಲಿಕ್ಕಿಲ್ಲ."