ನಾಲ್ಕು ಹನಿಯ ಲೆಕ್ಕ

“ನಮ್ಮ ಯಜಮಾನ್ರೇನು ನಾಲ್ಕು ಹನಿ ಮನುಷ್ಯರೇ ಅಕ್ಕಾ? ಇನ್ನೊಂದು ನಾಲ್ಕು ಹಾಕಿ,” ಎಂದಳು ಟೈಲರಮ್ಮ.

ನಾನು ರೋಸ್‌ಮೆರಿ ಎಣ್ಣೆಯ ಸೀಸೆಗೆ ಮುಚ್ಚಳ ಹಾಕಿಬಿಟ್ಟೆ. ಎರಡು ಟೀ ಚಮಚ ಬಾದಾಮಿ ಎಣ್ಣೆಗೆ ನಾಲ್ಕೇ ಹನಿ ರೋಸ್‌ಮೆರಿ, ಇದು ನನ್ನ ತಮ್ಮನ ಲೆಕ್ಕ. ಅವನು ಹಿಂದಿನ ಕೋಣೆಯಲ್ಲಿ ಸೋಪು ಮಾಡುತ್ತಾನೆ. ಪರಿಮಳದ ಎಣ್ಣೆಗಳನ್ನೆಲ್ಲ ತರಿಸುವವನು ಅವನೇ. ಮುಂದಿನ ಕೋಣೆಯಲ್ಲಿ ನಾನು ಅಷ್ಟಿಷ್ಟು ಮಂತ್ರ ಮಾಡುತ್ತೇನೆ. ಮಂತ್ರವೆಂದರೆ ಹೆದರುವಂಥದ್ದೇನಲ್ಲ. ಒಂದು ಮೇಣದಬತ್ತಿ, ಒಂದು ಬಟ್ಟಲು ನೀರು, ನೆನೆಯಬೇಕಾದವರ ಯಾವುದಾದರೂ ವಸ್ತು, ಮಣಿಕಟ್ಟಿಗೆ ಚೂರು ಎಣ್ಣೆ, ಆಮೇಲೆ ಸುಮ್ಮನೆ ಕೂರುವುದು. ಯಾರೂ ಕಲಿಸಿದ್ದಲ್ಲ. ಕೈಗೆ ಸಿಕ್ಕ ಪುಸ್ತಕ ಓದಿ, ಬಿದ್ದು ಎದ್ದು ಕಲಿತದ್ದು. ಮೊದಮೊದಲು ಉರಿಯುವ ಬತ್ತಿಯ ಮೇಲೆಯೇ ಎಣ್ಣೆ ತೊಟ್ಟಿಕ್ಕಿಸಿ ಹುಬ್ಬು ಸುಟ್ಟುಕೊಂಡಿದ್ದೆ. ಅಂದಿನಿಂದ ತಮ್ಮನ ಬಾಯಲ್ಲಿ ನಾನು ‘ಒಂದೂವರೆ ಹುಬ್ಬಿನ ಮಂತ್ರವಾದಿ’.

ಟೈಲರಮ್ಮನ ಗಂಡ ಬಸ್ ಕಂಡಕ್ಟರ್ ಆಗಿದ್ದರು. ತೀರಿಕೊಂಡು ಹನ್ನೊಂದು ತಿಂಗಳು. ಅವರ ಮುಖ ಫೋಟೋದಲ್ಲಿದೆ, ವಾಸನೆ ಹಳೆಯ ಯೂನಿಫಾರ್ಮಿನ ಕಾಲರಿನಲ್ಲಿದೆ, ದನಿ ಮಾತ್ರ ಎಲ್ಲೂ ಸಿಗುತ್ತಿಲ್ಲ ಎಂದು ಬಂದಿದ್ದಳು. ಹಗಲೆಲ್ಲ ಬಸ್ಸಿನಲ್ಲಿ ಕೂಗಿ ಬಂದ ಮನುಷ್ಯ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರಂತೆ. ಊಟಕ್ಕೆ ಕೂತರೆ ಎರಡೇ ಮಾತು: ಬಡಿಸು ಎನ್ನಲು ‘ರೈಟ್’, ಸಾಕು ಎನ್ನಲು ‘ಹೋಲ್ಡಾನ್’. ಇವಳ ಕೈಯೋ ಮೊದಲಿನಿಂದಲೂ ಧಾರಾಳ. ಸಾಕೆಂದ ಮೇಲೂ ಒಂದು ಸೌಟು ಬೀಳುತ್ತಿತ್ತು, ಪಾಪ ಅವರು ಡ್ರೈವರಿಗೆ ಕೂಗುವಂತೆ ಎಳೆದು ಕೂಗಬೇಕಾಗುತ್ತಿತ್ತು.

“ಮಾತು ಗೊತ್ತು ಅಕ್ಕಾ. ರಾಗ ಬರ್ತಿಲ್ಲ.”

ಒಂದು ಸಲ ಹೇಳಿಯೂ ತೋರಿಸಿದಳು. ಔಷಧಿ ಸೀಸೆಯ ಮೇಲಿನ ಚೀಟಿ ಓದಿದ ಹಾಗಿತ್ತು. ಅದು ಅವಳಿಗೂ ಗೊತ್ತಾಗಿ ಕಣ್ಣು ತುಂಬಿಕೊಂಡಳು.

ರೋಸ್‌ಮೆರಿ ನೆನಪಿನ ಗಿಡ ಎಂದು ನನ್ನ ಪುಸ್ತಕಗಳು ಹೇಳುತ್ತವೆ. ಆದರೆ ಅದನ್ನು ಕೊಡುವ ಮೊದಲು ತಮ್ಮನ ಪ್ರಶ್ನೆಗಳನ್ನು ದಾಟಬೇಕು. ಬಸಿರೇ, ಮೂರ್ಛೆ ಬರುವುದುಂಟೇ, ಉಬ್ಬಸವೇ, ಬಿಪಿಯೇ, ಮನೆಯಲ್ಲಿ ಹಸುಗೂಸೋ ಬೆಕ್ಕೋ ಇದೆಯೇ. ಐವತ್ತೆಂಟರ ಟೈಲರಮ್ಮ ಮೊದಲನೆಯದಕ್ಕೆ ನಾಚಿ ನಕ್ಕಳು, ಉಳಿದದ್ದಕ್ಕೆಲ್ಲ ಇಲ್ಲ ಎಂದಳು. ಬೆರೆಸಿಟ್ಟ ಎಣ್ಣೆಯನ್ನು ಅವಳ ಮೊಣಕೈ ಒಳಮಗ್ಗುಲಿಗೆ ಒಂದು ಚುಕ್ಕೆ ಹಚ್ಚಿದೆ. ಒಂದು ದಿನ ನೋಡೋಣ, ಉರಿ ತುರಿಕೆ ಏನೂ ಇಲ್ಲದಿದ್ದರೆ ನಾಳೆ ಸಂಜೆ ಕೂರೋಣ ಎಂದೆ.

ಅಷ್ಟಕ್ಕೇ ಕಳಿಸಿದ್ದರೆ ಸರಿಯಿತ್ತು. ಬಾಗಿಲ ತನಕ ಹೋದವಳು ತಿರುಗಿ ಬಂದು, ಅಲ್ಲಿಯವರೆಗೆ ವಾಸನೆಯನ್ನಾದರೂ ನೋಡಿಕೊಂಡಿರುತ್ತೇನೆ ಎಂದು ಗೋಗರೆದಳು. ಕರವಸ್ತ್ರಕ್ಕೆ ಎರಡೇ ಹನಿ, ಮೈಗೆ ಸೋಕಿಸಬೇಡ, ಬಾಯಿಗಂತೂ ಬೇಡವೇ ಬೇಡ ಎಂದು ಹತ್ತು ಸಲ ಹೇಳಿ, ಏನೂ ಬೆರೆಸದ ಅಸಲು ಸೀಸೆಯನ್ನೇ ಅವಳ ಕೈಗಿಟ್ಟೆ. ತಮ್ಮ ಆಗ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಮಾರನೆಯ ದಿನ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದಳು. ಅಂಥ ಸೆಕೆಯಲ್ಲೂ ಉದ್ದ ತೋಳಿನ ರವಿಕೆ, ಅದರ ಗುಂಡಿ ಬಿಗಿಯಾಗಿ ಹಾಕಿಕೊಂಡಿದ್ದಳು. ಅವಳಿಗಿಂತ ಮುಂಚೆ ರೋಸ್‌ಮೆರಿ ವಾಸನೆ ಒಳಗೆ ಬಂತು. ತಮ್ಮ ಹಿಂದಿನ ಕೋಣೆಯಿಂದ ಮೂಗು ಮುಂದಿಟ್ಟುಕೊಂಡೇ ಬಂದ, ಕಿಟಕಿ ತೆರೆದ, ತೋಳು ಸರಿಸಿ ಎಂದ. ಎರಡೂ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪಾಗಿದ್ದವು. ಶಾಸ್ತ್ರಕ್ಕೆ ಮೊದಲೇ ತಯಾರಾಗಿರೋಣ ಎಂದು ಹೊರಡುವಾಗ ಅಂಗೈ ತುಂಬ ಸುರಿದುಕೊಂಡು ಹಚ್ಚಿದ್ದಳಂತೆ.

ತಮ್ಮ ನನ್ನ ಕಡೆ ತಿರುಗಿದ. “ಉಳಿದ ಅರ್ಧ ಹುಬ್ಬೂ ನಿಂಗೆ ಭಾರ ಆಗಿತ್ತೇನಕ್ಕಾ?”

ಟೈಲರಮ್ಮ ನನ್ನ ಪರವಾಗಿ ವಕಾಲತ್ತಿಗೆ ನಿಂತಳು. ಅಕ್ಕ ಸರಿಯಾಗಿಯೇ ಹೇಳಿದ್ದರು, ಕೇಳದವಳು ತಾನು, ಉರಿ ತಡೆದುಕೊಳ್ಳುತ್ತೇನೆ, ಕೂರುವುದನ್ನು ಮಾತ್ರ ನಿಲ್ಲಿಸಬೇಡಿ ಎಂದಳು.

“ಅವರು ಹೋಗಿದ್ದು ಒಂದ್ಸಲ ಸೋಪಣ್ಣಾ. ದನೀನೂ ಹೋದ್ರೆ ಇನ್ನೊಂದ್ಸಲ ಹೋದಂಗೆ.”

ಮೊದಲು ಕೈ ತೊಳೆಯೋಣ ಎಂದ ತಮ್ಮ. ಅವಳು ನಲ್ಲಿಯ ಕಡೆ ಹೊರಟಳು, ಅವನು ತಡೆದ. ಬರೀ ನೀರಿಗೆ ಈ ಎಣ್ಣೆ ಜಗ್ಗುವುದಿಲ್ಲ. ಸಾದಾ ಎಣ್ಣೆ ಹಚ್ಚಿ ಒರೆಸಿ ತೆಗೆಯಬೇಕು, ಆಮೇಲೆ ಸೋಪು, ಆಮೇಲೆ ನೀರು, ಬೊಬ್ಬೆ ಎದ್ದರೆ ನೇರ ಡಾಕ್ಟರ ಹತ್ತಿರ. ಹಾಗೆನ್ನುತ್ತಲೇ ಒಳಗಿನಿಂದ ಸೂರ್ಯಕಾಂತಿ ಎಣ್ಣೆಯ ಐದು ಲೀಟರ್ ಕ್ಯಾನನ್ನೇ ಎತ್ತಿಕೊಂಡು ಬಂದ.

ಜನ್ಮವಿಡೀ ಹನಿ ಎಣಿಸಿದ ಮನುಷ್ಯ ಅವತ್ತು ಎಣಿಸಲಿಲ್ಲ. ಗಾಬರಿಗೋ ಏನೋ, ಕ್ಯಾನು ಬಗ್ಗಿಸಿದ್ದೇ ತಡ, ಎಣ್ಣೆ ದಬದಬನೆ ಬಿತ್ತು. ಕೈ ತುಂಬಿ, ಮಡಿಲು ತುಂಬಿ, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ನೆನೆಸಿ ನೆಲಕ್ಕಿಳಿಯತೊಡಗಿತು.

“ಹೋಲ್ಡಾನ್... ಹೋಲ್ಡಾ...ನ್.”

ಮೊದಲನೆಯದು ನೆಲ ಒದ್ದ ಹಾಗೆ. ಎರಡನೆಯದು ಉದ್ದಕ್ಕೆ ಎಳೆದು, ಕೊನೆಗೆ ಮೂಗಿನಲ್ಲಿ ಮೇಲೇರಿ, ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರಿನವರೆಗೆ ಮುಟ್ಟುವಂತೆ. ತಮ್ಮ ನಿಂತಲ್ಲೇ ನಿಂತ. ಟೈಲರಮ್ಮ ಹಿಂದಕ್ಕೆ ತಿರುಗಿ ಯಾರು ಕೂಗಿದ್ದೆಂದು ನೋಡಿದಳು. ಹಿಂದೆ ಗೋಡೆ. ಮೇಜಿನ ಮೇಲೆ ನಾನಿನ್ನೂ ಹಚ್ಚದ ಮೇಣದಬತ್ತಿ.

“ಅವರೇ,” ಎಂದಳು ಮೆಲ್ಲಗೆ. “ಅವರೇ ಅಕ್ಕಾ. ನನ್ನ ಬಾಯಲ್ಲೇ ಇದ್ರು.”

ಅಳುತ್ತಾಳೆಂದುಕೊಂಡೆ. ಅವಳು ನಗುತ್ತಿದ್ದಳು, ಮೊಣಕೈಯಿಂದ ಎಣ್ಣೆ ಇಳಿಯುತ್ತಲೇ ಇತ್ತು. ತಮ್ಮನ ಕೈಯಲ್ಲಿ ಕ್ಯಾನು ಅರ್ಧ ಬಾಗಿದಂತೆಯೇ ಇತ್ತು.

“ಇನ್ನೊಂದು ಕೈ ಬಾಕಿ ಇದೆ,” ಎಂದ. “ಸುರೀಲಾ?”

ಟೈಲರಮ್ಮ ಎಡಗೈ ಮುಂದೆ ಚಾಚಿದಳು. “ರೈಟ್,” ಎಂದಳು.

ತಮ್ಮ ಕ್ಯಾನನ್ನು ಬಹಳ ಮೆಲ್ಲಗೆ ಬಾಗಿಸಿದ. ನಾನು ಶಾಸ್ತ್ರಕ್ಕೆಂದು ಇಟ್ಟಿದ್ದ ನೀರಿನ ಬಟ್ಟಲನ್ನು ಕಿಟಕಿಯಾಚೆ ಬರಿದು ಮಾಡಿ, ಅವಳ ಮೊಣಕೈ ಕೆಳಗೆ ಹಿಡಿದೆ.