ಎರಡು ಸೀಸೆ, ಒಂದೇ ನಂಬರ್

"ನಿನ್ನ ಬುದ್ಧಿವಂತಿಕೆ ಸಾಕು ಮಾಡು. ಎರಡರ ಮೇಲೂ ನಾನೂರ ಹನ್ನೆರಡು ಅಂತಿದೆ, ಯಾವುದು ಯಾರ ಗಂಟು, ಅಷ್ಟು ಹೇಳು," ಎಂದು ಅಕ್ಕ ಎರಡು ಸೀಸೆಗಳನ್ನು ತಮ್ಮನ ಮೇಜಿನ ಮೇಲೆ ಕುಕ್ಕಿದಳು. ಅವಳು ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆ. ಅವನು ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುವವನು.

ಸೋಮವಾರ ಇಬ್ಬರು ಹೆಂಗಸರ ಎದೆಯಿಂದ ತೆಗೆದ ಗಂಟುಗಳು ಅವು. ಒಂದರಲ್ಲಿ ಕ್ಯಾನ್ಸರ್ ಇತ್ತು.

ಸೀಸೆಗಳಿಗೆ ನಂಬರ್ ಕೊಡುವ ಮೇಲಿನ ಮಹಡಿಯ ಸರ್ವರ್ ಬರೆದದ್ದನ್ನೆಲ್ಲ ಕೆಳಗಿನ ಮಹಡಿಯ ಸರ್ವರ್ ನಕಲು ಮಾಡಿಕೊಳ್ಳುತ್ತಿತ್ತು. ಮೇಲಿನದು ಸತ್ತರೆ ಕೆಳಗಿನದು ತಾನಾಗಿಯೇ ಯಜಮಾನಿಕೆ ವಹಿಸುವಂತೆ ತಮ್ಮ ಏರ್ಪಾಡು ಮಾಡಿದ್ದ. ನಿಜಕ್ಕೂ ಸತ್ತಿದೆಯೇ ಎಂದು ಸಾಕ್ಷಿ ಹೇಳಲು ಮೂರನೆಯ ಯಂತ್ರ ಬೇಕಿತ್ತು. ಆಮೇಲೆ ಇಟ್ಟರಾಯಿತು ಎಂದುಕೊಂಡಿದ್ದ. ಸೋಮವಾರ ಎರಡರ ನಡುವಿನ ತಂತಿ ಕಿತ್ತುಹೋಯಿತು. ಮೇಲಿನದು ಗುಂಡುಕಲ್ಲಿನಂತೆ ಇದ್ದಾಗಲೇ, ಅದು ಸತ್ತಿತೆಂದುಕೊಂಡು ಕೆಳಗಿನದೂ ಪಟ್ಟಕ್ಕೇರಿತು. ಎರಡು ಗಂಟೆ ಕಾಲ ಎರಡೂ ಅವವೇ ನಂಬರುಗಳನ್ನು ಹಂಚಿದವು.

"ಸೀಸೆ ಮೇಲೆ ಹೆಸರಿಲ್ವಾ, ಅಕ್ಕ?"

"ನಂಬರ್ ಸಾಕು, ಮೆಷಿನ್ ತಪ್ಪಲ್ಲ ಅಂತ ಹೆಸರು ಬರೆಯೋದನ್ನ ಬಿಡಿಸಿದ್ದು ಯಾರೋ ಮಹಾಶಯ?"

"ಇನ್ನೊಂದ್ಸಲ ಕೊಯ್ದು ನೋಡಿದ್ರೆ?"

"ಗಂಟು ಪೂರ್ತಿ ತೆಗೆದಾಗಿದೆ. ಇನ್ನೆಲ್ಲಿಂದ ಕೊಯ್ಯಲಿ, ನಿನ್ನ ತಲೆಯಿಂದಲಾ? ಡಿಎನ್ಎ ಹೋಲಿಸಿ ನೋಡೋಕೆ ವಾರಗಟ್ಟಲೆ ಬೇಕು, ಅಲ್ಲಿವರೆಗೆ ಅವರಿಗೇನು ಹೇಳಲಿ?"

ಗಾಜಿನಾಚೆ ಆ ಇಬ್ಬರು ಹೆಂಗಸರೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬಾಟಲಿಯಿಂದ ನೀರು ಕುಡಿಯುತ್ತಿದ್ದರು.

ಅಕ್ಕ ಬಿಳಿ ಕೋಟು ಬಿಚ್ಚಿ ಅವನ ಕುರ್ಚಿಗೆ ನೇತುಹಾಕಿ ಹೊರಗೆ ಹೋದಳು. ಅವರ ಮುಂದೆ ಮೊಣಕಾಲೂರಿ ಕೂತು, ಆದದ್ದನ್ನು ಹೇಳಿ, ತಪ್ಪು ತನ್ನ ಲ್ಯಾಬಿನದು ಎಂದಳು. ಆಮೇಲೆ ಎದ್ದು ಆಸ್ಪತ್ರೆಯ ಗೇಟು ದಾಟಿದಳು. ಸಂಜೆಯವರೆಗೂ ತಮ್ಮ ಕಾದ. ಕೋಟಿಗಾಗಿಯೂ ಅವಳು ಬರಲಿಲ್ಲ.