ಮಾಸ್ತಿ ಕೇಳಿದ ನೀರು

ಆಂಬುಲೆನ್ಸಿನಿಂದ ಇಳಿಸಿದ ಹೆಣವನ್ನು ಒಳಗೆ ಒಯ್ಯಲು ಹೋದವರನ್ನು ಶಂಕ್ರಪ್ಪ ಎರಡೂ ಕೈ ಚಾಚಿ ತಡೆದ.

"ಕೊಯ್ದು ತಂದದ್ದು ಒಳಗೆ ಬ್ಯಾಡ. ಅಂಗಳದಲ್ಲೇ ಇರ್ಲಿ."

ಸತ್ತವನು ಅವನ ತಮ್ಮ ಮಾಸ್ತಿ. ಬಿಳಗಿಯ ಸುತ್ತ ಕೆಂಪು ಚಿರೆಕಲ್ಲಿನ ಗೋಡೆ ಎದ್ದಲ್ಲೆಲ್ಲ ಅವನ ಕೈ ಇತ್ತು. ಮೊನ್ನೆ ಲಾರಿಯಿಂದ ಕಲ್ಲು ಇಳಿಸುವಾಗ ರಾಶಿ ಜಾರಿ ಹೊಟ್ಟೆಯ ಮೇಲೆ ಬಿದ್ದಿತ್ತು. ಸಿದ್ದಾಪುರದಿಂದ ಸಿರಸಿಗೆ, ಅಲ್ಲಿಂದ ಹುಬ್ಬಳ್ಳಿಗೆ ಸಾಗಿಸುವಷ್ಟರಲ್ಲಿ ಹಗಲು ಕಳೆದಿತ್ತು.

ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರಲ್ಲಿ ಒಬ್ಬ ಹೇಳುತ್ತಿದ್ದ: "ನಮ್ಮನೆ ಗೋಡೆ ವಾಲಿದ ಹಂಗೆ ಕಾಣ್ತದಲೋ ಅಂದ್ರೆ, 'ಗೋಡೆ ನೆಟ್ಟಗೇ ಉಂಟು, ವಾಲಿದ್ದು ನೀನು. ರಾತ್ರಿ ಕುಡಿದದ್ದು ಇಳೀಲಿ, ಆಮೇಲೆ ನೋಡು' ಅಂದ ಮಾರಾಯ ಈ ಮಾಸ್ತಿ."

ನಗು ಬಂದವರು ಮಾಸ್ತಿಯ ಹೆಂಡತಿ ಚೌಡಮ್ಮನನ್ನು ಕಂಡು ತಲೆ ತಗ್ಗಿಸಿದರು. ಗಂಡನ ಪಕ್ಕದಲ್ಲಿದ್ದ ಅವಳು ಎದ್ದು ಬೇಲಿಯ ಕಡೆ ನಡೆದಿದ್ದಳು. ಅಲ್ಲಿ ಕಮಲಾಕರ ಮಾಸ್ತರರ ಹಿಂದೆ ಅವರ ಮಗಳು ನಮಿತಾ ಒಳಗೆ ಬರುತ್ತಿದ್ದಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆಯ ಮೊದಲ ವರ್ಷ ಓದುವ ಹುಡುಗಿ.

ಚೌಡಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನೀ ಅಲ್ಲೇ ಇದ್ದಿದ್ಯಂತಲೇ ತಂಗಿ. ನಮ್ಮ ಭಾವನ ಮಗ ರಾಘು ಹೇಳ್ದ. ಅವನ್ನ ಒಳಗೇ ಬಿಡ್ಲಿಲ್ಲಂತೆ. ನೀರಿನ ಬಾಟ್ಲಿ ಹಿಡ್ಕಂಡು ಬಾಗಿಲಲ್ಲೇ ನಿಂತಿದ್ನಂತೆ. ಅವ್ರ ಬಾಯಿಗೆ ನೀರು ಬಿತ್ತನೇ? ಒಂದು ಗುಟುಕು? ಒಣಬಾಯಲ್ಲಿ ಹೋದ್ರನೇ?"

*

ಮೊದಲ ವರ್ಷದವರನ್ನು ತುರ್ತು ವಿಭಾಗಕ್ಕೆ ಕಳಿಸುತ್ತಿದ್ದುದು ನೋಡಲಿಕ್ಕೆ. ಡಾಕ್ಟರ ಹಿಂದೆ ನಿಲ್ಲಬೇಕು, ಏನನ್ನೂ ಮುಟ್ಟಬಾರದು. ಮೊನ್ನೆ ರಾತ್ರಿ ಡಾಕ್ಟರ್ ಅನುಶ್ರೀಯ ಬೆನ್ನ ಹಿಂದಿನಿಂದ ಇಣುಕಿದಾಗ ನಮಿತಾಳಿಗೆ ಮೊದಲು ಕಂಡದ್ದು ಕೆಂಪು ಧೂಳು ಹಿಡಿದ ಪಾದಗಳು. ಆಮೇಲೆ ಮುಖ.

"ಮಾಸ್ತರ ಮಗಳಲ್ದನೇ?" ಎಂದ ಮಾಸ್ತಿ. "ನಿಮ್ಮನೆ ಬಚ್ಚಲು ಕಟ್ಟುವಾಗ ಕಲಸಿಟ್ಟ ಗಾರೆ ಎಲ್ಲ ತುಳಿದು ಹಾಳು ಮಾಡಿದ್ದೆ ನೀನು." ನಗಲು ಹೋಗಿ ಹಲ್ಲು ಕಚ್ಚಿದ. "ಒಂದು ಗುಟುಕು ನೀರು ಕೊಡೇ."

ಅವಳು ಡಾಕ್ಟರ ಮುಖ ನೋಡಿದಳು.

"ಹೊಟ್ಟೆಯೊಳಗೆ ರಕ್ತ ಸೋರ್ತಾ ಇದೆ. ಈಗಲೇ ಆಪರೇಷನ್‌ಗೆ ತಗೋಬೇಕು," ಎಂದರು ಅನುಶ್ರೀ, ಕೈ ನಿಲ್ಲಿಸದೆ. "ನೀರು ಕುಡಿಸಿದರೆ ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಉಸಿರಿಗೆ ಸಿಕ್ಕೊಳ್ಳುತ್ತೆ. ಬೇಡ."

ಪಾಠದಲ್ಲೂ ಅದನ್ನೇ ಹೇಳಿದ್ದರು. ನಮಿತಾ ಬಗ್ಗಿ, "ಆಪರೇಷನ್ ಆದ್ಮೇಲೆ ನಾನೇ ಕೊಡ್ತೆ, ಮಾಸ್ತಿಯಣ್ಣ," ಎಂದಳು.

"ಹೌದನೇ? ಹಂಗಾರೆ ತಡೀತೆ," ಎಂದ. ಕೆಲಸದ ನಡುವೆ ಚಾ ತಡವಾದಾಗ ಹೇಳುತ್ತಿದ್ದ ದನಿಯಲ್ಲೇ.

ಆಪರೇಷನ್ ಕೋಣೆಯ ಬಾಗಿಲಿನವರೆಗೂ ಅವನು ತಡೆಯಲಿಲ್ಲ. ಗಾಲಿಮಂಚದ ಮೇಲೆಯೇ ಅನುಶ್ರೀ ಅವನ ಎದೆ ಒತ್ತಿದರು, ಬೆವರಿಳಿಯುವವರೆಗೆ ಒತ್ತಿದರು. ನಿಲ್ಲಿಸಿದಾಗ ನಮಿತಾಳಿಗೆ ಕಂಡದ್ದು ಅವನ ತುಟಿಗಳು. ಬಿರಿದು, ಬೆಳ್ಳಗಾಗಿದ್ದವು.

*

"ಕೊಟ್ಟೆ, ಚೌಡಮ್ಮಕ್ಕ," ಎಂದಳು ನಮಿತಾ.

ಚೌಡಮ್ಮ ಅಲ್ಲೇ ಕುಸಿದು ಕುಳಿತಳು. ಬೆಳಗಿನಿಂದ ಒಣಗಿದ್ದ ಕಣ್ಣಲ್ಲಿ ಆಗ ನೀರು ಬಂತು. ತುಸು ಹೊತ್ತಿನ ಮೇಲೆ ಮೂಗೊರೆಸಿಕೊಂಡು ಎದ್ದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕೊಡ ಈ ಹುಡುಗಿ ಹೊರ್ಲಿ."

ಮಕ್ಕಳಿಲ್ಲದ ಚಿಕ್ಕಪ್ಪನಿಗೆ ಕೊಡ ಹೊರಲು ರಾಘು ಆಗಲೇ ಮಿಂದು ನಿಂತಿದ್ದ. ಅವನ ಅಪ್ಪ ಶಂಕ್ರಪ್ಪ, "ಹೆಣ್ಣುಮಗಳು! ಅದೂ ಮಾಸ್ತರ ಮನೆಯವ್ಳು! ನಿನಗೆಂತ ತಲೆ ಕೆಟ್ಟದನೇ?" ಎಂದ.

"ಮಕ್ಕಳಿಲ್ದವ್ರಿಗೆ ಕಡೇ ನೀರು ಬಿಟ್ಟವ್ರೇ ಮಕ್ಕಳು. ಮಕ್ಕಳಿಲ್ದ ನಿಮ್ಮ ಸೋದರತ್ತೆ ಸತ್ತಾಗ, ನೀರು ಬಿಟ್ಟಳು ಅಂತ ಪಕ್ಕದ ಮನೆ ತಿಮ್ಮಿ ಹತ್ರ ಕೊಡ ಹೊರ್ಸಿದ್ದು ಯಾರು? ನೀವೇ ಅಲ್ದಾ ಭಾವ?"

ಶಂಕ್ರಪ್ಪ ರಾಘುವಿಗೆ ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿದ.

ಕಮಲಾಕರ ಮಾಸ್ತರರು ಮಗಳನ್ನು ಬೇಲಿಯ ಬಳಿ ಕರೆದೊಯ್ದರು. "ಖರೇ ಕೊಟ್ಟಿದ್ಯನೇ?"

"ಇಲ್ಲೆ ಅಪ್ಪಾ. ಅವಳ ಮುಖ ನೋಡಿ ಬೇರೆಂತೂ ಬಾಯಿಗೆ ಬಂದಿಲ್ಲೆ. ಈಗ ಹೇಳಿಬಿಡ್ಲಾ?"

ಮಾಸ್ತರರು ಅಂಗಳದ ಕಡೆ ನೋಡಿದರು. ಚೌಡಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದಳು, ಮುಖ ಸಡಿಲಾಗಿತ್ತು. ಅವರು ಮಗಳು ಬಿಟ್ಟ ಚಪ್ಪಲಿಗಳನ್ನು ಬಗ್ಗಿ ಕೈಗೆತ್ತಿಕೊಂಡರು.

ಸುಡುಗಾಡಿನಲ್ಲಿ ಕಟ್ಟಿಗೆಯ ಮೇಲೆ ಮಾಸ್ತಿಯನ್ನು ಮಲಗಿಸಿದರು. ತುಂಬಿದ ಮಣ್ಣಿನ ಕೊಡ ನಮಿತಾಳ ಹೆಗಲಿಗೆ ಬಂತು. ಚಿತೆಯ ಮೊದಲ ಸುತ್ತಿನಲ್ಲಿ ಶಂಕ್ರಪ್ಪ ಕತ್ತಿಯ ತುದಿಯಿಂದ ಕೊಡಕ್ಕೆ ಕುಟ್ಟಿದ. ನೀರು ಬೆನ್ನಿಗಿಳಿದು ಹಿಂದೆ ಸುರಿಯತೊಡಗಿತು. ಒಣ ನೆಲ ಅದನ್ನು ಬಿದ್ದಲ್ಲೇ ಹೀರಿತು. ಎರಡನೆಯ ಸುತ್ತಿನಲ್ಲಿ ಇನ್ನೊಂದು ತೂತು.

ಮೂರನೆಯದಕ್ಕೆ ಕತ್ತಿ ತುಸು ಮುಂದೆ ತಾಗಿತು. ತಣ್ಣನೆಯ ನೀರು ಚಿಮ್ಮಿ ಅವಳ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಬಾಯಿಗೆ ಇಳಿಯಿತು. ನಮಿತಾ ನಡೆಯುತ್ತಲೇ ಇದ್ದಳು, ಒಂದು ಹನಿಯೂ ಒಳಗೆ ಹೋಗದ ಹಾಗೆ ತುಟಿಗಳನ್ನು ಬಿಗಿದುಕೊಂಡು.